ಸುಣ್ಣದ ಕೋಣೆಯ ಸೆಕೆಂಡ್ ಹಾಫ್

ಒದೀಬೇಡ ಮಾರಾಯ, ಒದೀಬೇಡ! ಹೊನ್ನೆ ಮರದ ಬಾಗಿಲು ಅದು, ನಿನ್ನ ಬೂಟಿಗೆಲ್ಲ ಬಗ್ಗೋದಲ್ಲ. ಕಾಲು ಉಳುಕಿಸ್ಕೊಂಡ್ರೆ ಆಮೇಲೆ ಬಾಗಿಲು ತೆಗೆದೂ ಎಂತಾ ಪ್ರಯೋಜನ? ಗೋಲು ಕಾಯೋ ಗೋಲಿ ಕುಂಟ್ಕೊಂಡು ಹೋಗಿ ಕಂಬದ ಮಧ್ಯ ನಿಲ್ಲೋದಾ?

ಎಂತ? ನಾನಾ? ನಾನೆಲ್ಲಿ ಹಾಕಿದೆ ಬೀಗ! ಟಕ್ ಅಂದಿದ್ದು ಕೇಳ್ಲಿಲ್ವಾ ನಿಂಗೆ? ನೀನು ಆ ಕಡೆ ತಿರುಗಿ ಹರಿದ ಗ್ಲೌಸ್ ನೋಡ್ತಿದ್ದೆ. ಆಗಲೇ ರಂಗಪ್ಪನೋರು ಹೊರಗಿಂದ ತಿರುಗಿಸಿ ಹೋದ್ರು. ಪ್ರತಿ ಮ್ಯಾಚಿಗೂ ಹಾಗೇ ಅಲ್ವಾ? ಆಟ ಶುರುವಾಗೋ ಮೊದ್ಲು ನನ್ನ, ಈ ಬೂತಪ್ಪನ್ನ, ಸುಣ್ಣದ ಕೋಣೆಗೆ ತಳ್ಳಿ ಬೀಗ, ಹಾಫ್ ಟೈಮಿಗೆ ಬಿಡುಗಡೆ, ಮತ್ತೆ ಬೀಗ. ಒಳಗೆ ನೀನೂ ಇದ್ದೀಯ ಅಂತ ಅವರಿಗೆ ಕನಸು ಬೀಳ್ತದಾ? ಕ್ಲಬ್ಬಿನ ಅಧ್ಯಕ್ಷರು, ಅದೂ ಫೈನಲ್ ದಿನ! ತಲೆ ಮೇಲೆ ನೂರು ಕೆಲಸ ಬಿದ್ದಿರ್ತದೆ. ಒಳಗೆ ಬಗ್ಗಿ ನೋಡೋಕೆ ಪುರ್ಸೊತ್ತು ಎಲ್ಲಿಂದ ಬರ್ಬೇಕು...

ಅಯ್ಯೋ, ಸೀಟಿ ಆಯ್ತಲ್ಲ! ಸೆಕೆಂಡ್ ಹಾಫ್ ಶುರು ಮಾಡಿಬಿಟ್ರು! ಗೋಲಿ ಇಲ್ದೆ ಹೇಗೆ... ಶ್, ಶ್, ಕೇಳು. ದೇವರಾಜನ ಮೈಕು. "ತುಂಗಾ ಬಾಯ್ಸ್ ತಂಡದ ಗೋಲ್ ಕೀಪರ್ ಯೋಗೇಶ ಎಲ್ಲಿದ್ದರೂ ಕೂಡಲೇ ಮೈದಾನಕ್ಕೆ ಬರಬೇಕು." ಎಲ್ಲಿದ್ದರೂ ಅಂತೆ! ಜಾತ್ರೇಲಿ ಮಗು ಕಳ್ಕೊಂಡ ಹಾಗೆ ಕೂಗ್ತಾನೆ ನೋಡು.

ಇಲ್ಲ, ನಗ್ಲಿಲ್ಲ ಮಾರಾಯ. ನಗೋ ಹೊತ್ತಾ ಇದು? ಕೂಗು. ನೀನೂ ಕೂಗು, ನಾನೇನು ಬಾಯಿ ಹಿಡ್ಕೊಂಡಿದ್ದೀನಾ? ಆದ್ರೆ ಹೊರಗೆ ನಮ್ಮ ಚಂಡೆ, ಅವರ ನಾಸಿಕ್ ಡೋಲು, ಮಧ್ಯ ದೇವರಾಜನ ಗಂಟಲು. ಯಾವ ಕಿವಿಗೆ ಬೀಳ್ತದೆ? ನನ್ನ ಹತ್ರ ಮೊಬೈಲು ಇದೆ, ನೋಡು, ತಗೋ, ನೀನೇ ನೋಡು. ಒಂದು ಕಡ್ಡಿ ನೆಟ್ವರ್ಕ್ ಇದ್ಯಾ? ಶೃಂಗೇರಿ ಪೇಟೇಲಿ ಯಾತ್ರಿಗಳಿಗೆ ಸಿಕ್ತದೆ, ಈ ಕೋಣೆಗೆ ಸಿಗೋದಿಲ್ಲ. ನಿನ್ನದು ಬ್ಯಾಗಲ್ಲಿ, ಬ್ಯಾಗು ರಾಕೇಶನ ಹತ್ರ. ಆಯ್ತಲ್ಲ.

ಅಗೋ, ಅಗೋ, ಯಾರೋ ಬಂದ್ರು! ಬಾಗಿಲ ಸಂದಿಯಿಂದ ನೋಡು. ಅಂಬಿಕಾ ಅಲ್ವಾ, ಚಾ ಕೆಟಲ್ ಹಿಡ್ಕೊಂಡು? ಕೂಗು, ಕೂಗು! "ಅಂಬಿಕಾ! ಏ ಅಂಬಿಕಾ! ಬಾಗಿಲು ತೆಗೆಸು!" ... ನೋಡಿದ್ಯಾ? ಕಿವಿಗೆ ಸೆರಗು ಒತ್ಕೊಂಡು ಓಡಿದ್ಲು. ಅವಳನ್ನ ಬೈದು ಪ್ರಯೋಜನ ಇಲ್ಲ. ಅವಳಿಗೆ ಇದು ಬೂತಪ್ಪನ ಗಂಟಲೇ. ಆಟ ನಡೀವಾಗ ಈ ಬಾಗಿಲು ತೆಗೀಬಾರ್ದು, ಒಳಗಿನವನ ಜೊತೆ ಮಾತಾಡ್ಬಾರ್ದು, ಅವನ ಮುಖ ನೋಡ್ಬಾರ್ದು. ಗೊತ್ತಿಲ್ವಾ ನಿಂಗೆ? ನೀನು ಕಂಬದ ಮಧ್ಯ ನಿಂತಿರ್ತೀಯ, ನಿಂಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು. ಊರೆಲ್ಲ ಪಾಲಿಸ್ತದೆ. ಮಡಿ ಬಿಟ್ಟವರೂ ಇದೊಂದು ಬಿಟ್ಟಿಲ್ಲ.

ಎಂತಕ್ಕೆ ಹಲ್ಲು ಕಡೀತೀಯ? ಕೂತ್ಕೋ. ಆ ಸುಣ್ಣದ ಚೀಲದ ಮೇಲೆ ಬೇಡ, ಚಡ್ಡಿ ಬೆಳ್ಳಗಾಗ್ತದೆ. ಹಳೇ ನೆಟ್ಟಿನ ಮೇಲೆ ಕೂತ್ಕೋ, ಮೆತ್ತಗಿದೆ. ನನ್ನ ಜಾಗ ಅದು. ನೀರು ಕುಡಿ. ಶೀಟಿನ ಕೆಳಗೆ ಸೆಖೆ ಅಂದ್ರೆ ಸೆಖೆ, ಭತ್ತ ಬೇಯಿಸ್ಬಹುದು.

ಹೌದಾ? ದೇವರಾಜ ಎಂತ ಅಂದ, ಗೋಲಿಗೆ ಯಾರನ್ನ ನಿಲ್ಸಿದ್ರಂತೆ? ರಾಕೇಶನ್ನಾ? ಅಯ್ಯಯ್ಯೋ! ಅವನು ಬ್ಯಾಕಲ್ಲಿ ಆಡೋನು, ಕಾಲಲ್ಲಿ ಎತ್ತಿ ಒದೆಯೋದು ಗೊತ್ತು, ಕೈ ಇರೋದು ಊಟಕ್ಕೆ ಮಾತ್ರ. ಎರಡನೇ ಗೋಲಿ ಧರ್ಮೇಶ್ ಇವತ್ತೇ ನೆಂಟರ ಮದುವೆಗೆ ಕೊಪ್ಪಕ್ಕೆ ಹೋಗ್ಬೇಕಾ... ಏನೋ ಗ್ರಹಚಾರ. ಎಂತಾ ಮಾಡೋದು. ಹಣೇಲಿ ಬರ್ದದ್ದು.

ಏ, ಈಗ ಯಾಕೆ ನಗ್ತೀಯ? "ಹಣೆ" ಅಂದದ್ದಕ್ಕಾ? ನಗು ಮಾರಾಯ. ನಿಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಟ್ತಾರೆ ಅಂತ ನೀನೇ ಎಷ್ಟು ಸಲ ಹೇಳಿಲ್ಲ. ಆದ್ರೆ ಕೊಂಬೆ ಎಷ್ಟು ಸಲ ಮುರೀತು ಲೆಕ್ಕ ಇಟ್ಟಿದ್ದೀಯಾ? ನೀನು ಆಗ ಸಣ್ಣವನು. ಕೊಪ್ಪದಲ್ಲಿ ಸೆಮಿಫೈನಲ್. ತೋಟದ ಕೆಲಸ ಮುಗಿಸಿ ನಾನು ಬರೋಷ್ಟರಲ್ಲಿ ಅರ್ಧ ಆಟ ಆಗಿ ನಾವು ಮುಂದಿದ್ವಿ. ಕೂತೆ. ಕೂತದ್ದೇ ತಡ, ಒಂದು ಗೋಲು. ಕಾಲು ಚಾಚಿದೆ, ಇನ್ನೊಂದು. ರಂಗಪ್ಪನೋರು ತಮಾಷೆಗೆ ಅಂದ್ರು, "ಬೂತಪ್ಪ ಬಂದ, ಗೋಲೂ ಬಂತು" ಅಂತ. ಎಲ್ಲ ನಕ್ಕರು. ನಾನೂ ನಕ್ಕೆ. ಮುಂದಿನ ಮ್ಯಾಚು, ನಾನು ಉಚ್ಚೆ ಹೊಯ್ಯೋಕೆ ಹೋದಾಗ ನಮ್ಮೋರು ಗೋಲು ಹೊಡೆದ್ರು. ವಾಪಸ್ ಬಂದೆ, ಅವರು ಹೊಡೆದ್ರು. ಆವತ್ತು ಯಾರೂ ನಗ್ಲಿಲ್ಲ. ಅದಾದ ಮೇಲೆ ಮೈದಾನದ ಹತ್ರ ನನ್ನ ತಲೆ ಕಂಡ್ರೆ ಸಾಕು, "ಬೂತಣ್ಣ, ಒಂದು ಚಾ ಕುಡ್ಕೊಂಡು ಬಾ", "ಬೂತಣ್ಣ, ಆ ಕಡೆ ಸ್ವಲ್ಪ ಗಾಳಿಗೆ ಹೋಗಿ ಬಾ." ಕಡೆಗೆ ಈ ಕೋಣೆ.

ಬೇಜಾರಾ? ಎಂತಾ ಬೇಜಾರು. ನಾನು ಒಳಗಿದ್ರೆ ತಂಡ ಗೆಲ್ತದೆ ಅಂದ್ರೆ ಒಳಗಿರ್ತೀನಿ. ಬೆಳಿಗ್ಗೆ ಎದ್ದು ಗೆರೆ ಹಾಕೋನು ನಾನೇ. ಸುಣ್ಣದ ಡಬ್ಬಿ ತಳ್ಕೊಂಡು, ದಾರ ಕಟ್ಕೊಂಡು, ಆ ಪೆನಾಲ್ಟಿ ಚುಕ್ಕೆ ಮಂಡಿಯೂರಿ ಇಡ್ತೀನಿ, ಹುಡುಗಿಗೆ ಬೊಟ್ಟಿಟ್ಟ ಹಾಗೆ. ಆಮೇಲೆ ಬಂದು ಇಲ್ಲಿ ಕೂತ್ಕೊಳ್ತೀನಿ. ನಾ ಹಾಕಿದ ಗೆರೆ ಮೇಲೆ ಅವರು ಗೆಲ್ತಾರೆ. ಹೊನ್ನಕ್ಕ ಬೈತಾಳೆ, ನನ್ನ ಹೆಂಡ್ತಿ ಬಾಯಿ ನಿಂಗೆ ಗೊತ್ತಲ್ಲ. "ಊರಿಗೆಲ್ಲ ಗೆಲುವು, ನಿಮಗೆ ಕತ್ತಲೆ. ನಾಯೀನ ಕಟ್ಟಿ ಹಾಕಿದ್ರೂ ನೆಂಟರು ಹೋದ್ಮೇಲೆ ಬಿಡ್ತಾರೆ" ಅಂತಾಳೆ. ಅವಳಿಗೇನು ಗೊತ್ತು. ಯೋಗೇಶ, ನಮ್ಮ ತುಂಗಾ ಬಾಯ್ಸ್ ಗೆದ್ದದ್ದನ್ನ ನಾನು ಕಣ್ಣಲ್ಲಿ ಕಂಡಿಲ್ಲ ಮಾರಾಯ. ಸೋತದ್ದೆಲ್ಲ ಕಂಡಿದ್ದೀನಿ. ಗೆದ್ದದ್ದೆಲ್ಲ ಕೇಳಿದ್ದೀನಿ, ಅಷ್ಟೇ.

ಇವತ್ತು ಬೆಳಿಗ್ಗೆ ನೀನು ಬಂದು ಹೇಳಿದ್ಯಲ್ಲ, "ಬೂತಣ್ಣ, ಇವತ್ತು ಕೋಣೆಗೆ ಹೋಗ್ಬೇಡ, ನನ್ನ ಗೋಲಿನ ಹಿಂದೆ ಬಂದು ಕೂತ್ಕೋ, ಏನಾಗ್ತದೋ ನೋಡೇ ಬಿಡೋಣ" ಅಂತ. ನನ್ನ ಕೈಯಲ್ಲಿದ್ದ ಸುಣ್ಣ ಅಲ್ಲೇ ಚೆಲ್ಲಿ ಹೋಯ್ತು. ಆ ಕಾರ್ನರ್ ಹತ್ರ ಗೆರೆ ದಪ್ಪ ಇದೆ ನೋಡು, ಅದು ನಿನ್ನಿಂದ. ಹಾಗೆ ಕರೆದವರು ಈವರೆಗೆ ಯಾರೂ ಇಲ್ಲ. ಆದ್ರೆ ಹೆದರಿಕೆ ಮಾರಾಯ. ಜಿಲ್ಲಾ ಲೀಗಿಗೆ ಹೋಗೋ ಮ್ಯಾಚು. ಸೋತಿದ್ರೆ ಎಲ್ರೂ ಯಾರ ಮುಖ ನೋಡ್ತಿದ್ರು? ಅದಕ್ಕೇ ಬೇಡ ಅಂದೆ.

ಎಂತ? ಕಿಟಕಿಯಾ? ಆಗ್ಲಿ, ಹತ್ತು. ಸರಳು ಕೀಳೋಕಾಗಲ್ಲ, ಆದ್ರೂ ಆ ಕಡೆಯಿಂದ ಕೂಗ್ಬಹುದು. ಇರು, ನಾನು ಬಗ್ತೀನಿ. ನನ್ನ ಹೆಗಲ ಮೇಲೆ ಕಾಲಿಡು. ಬೂಟು ಬಿಚ್ಚೋ ಮಾರಾಯ! ... ಹಾಂ, ನಿಧಾನ, ನಿಧಾನ. ಎಷ್ಟು ಭಾರ ಆಗಿದ್ದೀಯ! ನೆಮ್ಮಾರಿನ ಗದ್ದೇಲಿ ನಿನ್ನ ಒಂದು ಕೈಯಲ್ಲಿ ಎತ್ತಿ ನಿಲ್ಲಿಸ್ತಿದ್ದೆ, ಚಕ್ಕೋತ ಹಣ್ಣು ಎಸೆದು ಹಿಡಿಯೋದು ಕಲಿಸ್ತಿದ್ದೆ. ಒಂದು ಸಲ ಮೂಗಿಗೆ ಬಿದ್ದು ರಕ್ತ ಬಂತು, ಆದ್ರೂ ಹಣ್ಣು ಬಿಡ್ಲಿಲ್ಲ ನೀನು. ಆವತ್ತೇ ಅಂದ್ಕೊಂಡೆ, ಇವನು ಗೋಲಿ ಅಂತ... ಎಂತ ಕಾಣ್ತದೆ? ಹಲಸಿನ ಮರ, ಗುಡ್ಡ, ಮತ್ತೆಂತ ಕಾಣ್ಬೇಕು. ಆ ಮರದಲ್ಲಿ ಎಲೆ ಎಷ್ಟು ಅಂತ ಕೇಳು, ಹೇಳ್ತೀನಿ... ಆಯ್ ಆಯ್, ಸೊಂಟ ಮೆಟ್ಟಬೇಡ! ಇಳಿ, ಇಳಿ!

ಅದಾ? ಎಂತಾದ್ರೂ ತಾಗ್ತಾ ಕಾಲಿಗೆ? ತಾಯತ ಅದು. ಉಡಿದಾರಕ್ಕೆ ಕಟ್ಟಿದ್ದು. ಹೊನ್ನಕ್ಕ ಕಿಗ್ಗದ ದೇವಸ್ಥಾನದಿಂದ ತಂದು ಕಟ್ಟಿದ್ಲು, ದೃಷ್ಟಿಗೆ ಅಂತ. ಇಡೀ ಊರಿಗೆ ದೃಷ್ಟಿ ತಾಗಿಸೋನಿಗೇ ತಾಯತ! ಹ್ಹಹ್ಹ... ನಗೋದಿಲ್ವಾ? ಇರ್ಲಿ.

ಶ್! ... ನಾಸಿಕ್ ಡೋಲು. ಅವರದ್ದು. ಎನ್.ಆರ್.ಪುರದ ಭದ್ರಾ ಬಾಯ್ಸಿನವರು ಹೊಡೆದ್ರು. ನಮ್ಮ ಚಂಡೆ ನಿಂತೇ ಹೋಯ್ತಲ್ಲ. ರಾಕೇಶ ಕೈ ಎತ್ತೋದ್ರೊಳಗೆ ಬಾಲು ನೆಟ್ಟು ಸೇರಿರ್ತದೆ.

ತಲೆ ಚಚ್ಕೋಬೇಡ ಗೋಡೆಗೆ. ಒಂದು ಗೋಲು ತಾನೇ. ಸೋತ್ರೆ ಸೋತ್ವಿ, ಎಂತಾ ಗಂಟು ಹೋಯ್ತು? ಮುಂದಿನ ವರ್ಷ ಮತ್ತೆ ಇದೇ ಮೈದಾನ, ಇದೇ ಕೊಪ್ಪದವರು, ಇದೇ ಭದ್ರಾ ಬಾಯ್ಸು. ನಾನು ಗೆರೆ ಹಾಕ್ತೀನಿ, ನೀನು ಕಂಬದ ಮಧ್ಯ ನಿಲ್ತೀಯ. ಅಂಬಿಕಾ ಚಾ ಮಾರ್ತಾಳೆ. ಎಂತಾ ಕಮ್ಮಿ ಆಗಿದೆ ನಮಗೆ ಇಲ್ಲಿ? ಹಾಗೆ ನೋಡ್ಬೇಡ ಮಾರಾಯ, ಸಮಾಧಾನಕ್ಕೆ ಹೇಳಿದೆ. ನಿನ್ನ ಸಂಕಟ ನಂಗೆ ಗೊತ್ತಾಗೋದಿಲ್ವಾ.

ಅಂಗಿಯಿಂದ ಮುಖ ಒರೆಸ್ಕೋ. ಅಳ್ತಿಲ್ಲ ಅಂತೀಯ, ಹಾಗಾದ್ರೆ ಬೆವರೇ. ಆಯ್ತು, ಬೆವರು.

ದೇವರಾಜ ಎಂತ ಅಂತಾನೆ? "ಎಡಗಡೆಯಿಂದ... ಕ್ರಾಸ್..." ಈಗ ಚಂಡೆ ಎದ್ದಿತು, ಕೇಳು... ಕೇಳು... ಗೋಲ್! ಗೋಲ್ ಮಾರಾಯ! ನಮ್ಮದು! ನಮ್ಮ ಚಂಡೆ! ಅಯ್ಯೋ ನನ್ನಪ್ಪನೇ, ಹೊಡೆದೇ ಬಿಟ್ರು! ಬಾ, ಬಾ ಇಲ್ಲಿ, ತಬ್ಬಿಕೋ! ಕುಣಿ ಮಾರಾಯ! ಸುಣ್ಣ ಎರಚು! ಒಂದಕ್ಕೊಂದು! ಒಂದಕ್ಕೊಂದು!...

...ಛೆ.

ಏನಿಲ್ಲ. "ಛೆ" ಅಂದ್ನಾ? ಅಂದಿರ್ಬಹುದು. ಕಣ್ಣಿಗೆ ಸುಣ್ಣ ಬಿತ್ತು. ಅದಕ್ಕೇ.

ಅಲ್ಲ ಯೋಗೇಶ, ಒಂದು ಮಾತು ಕೇಳ್ತೀನಿ. ಗೆದ್ರಿ ಅಂತಿಟ್ಕೋ. ಜಿಲ್ಲಾ ಲೀಗಿಗೆ ಹೋದ್ರಿ. ಆಮೇಲೆ ಮ್ಯಾಚೆಲ್ಲ ಚಿಕ್ಕಮಗಳೂರಲ್ಲೇ ಅಂತೆ, ಹೌದಾ? ಎಲ್ಲವೂ? ಒಂದೂ ಇಲ್ಲಿ ಇಲ್ವಾ? ಅಲ್ಲಿ ಗೆರೆ ಹಾಕೋಕೆ ಅವರದ್ದೇ ಜನ ಇರ್ತಾರಂತೆ. ಬಣ್ಣ ಹೊಡೆಯೋ ಮಿಷನ್ ಇದ್ಯಂತೆ. ಬಸ್ಸು ಬೆಳಿಗ್ಗೆ ಹೊರಟ್ರೆ ಘಾಟಿ ಇಳಿದು ಹತ್ತಿ ಮಧ್ಯಾಹ್ನಕ್ಕೆ ಮುಟ್ಟೋದು... ಸುಮ್ನೆ ಕೇಳಿದೆ. ಊರಿನ ವಿಷಯ, ಕೇಳ್ಬಾರ್ದಾ?

ಮೀಟಿಂಗಲ್ಲಿ ನೀನಿರ್ಲಿಲ್ಲ, ಹೋದ ವಾರ. ಸುಲೋಚನಮ್ಮನ ಹೋಟ್ಲಲ್ಲಿ ಕೂತು ಮಾತಾಡಿದ್ರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಸ್ಸು ಯಾವುದು, ಹೊಸ ಅಂಗಿ ಯಾವ ಬಣ್ಣ, ಊಟ ಎಲ್ಲಿ, ಎಲ್ಲ ಆಯ್ತು. ಆಮೇಲೆ ಯಾರೋ ಕೇಳಿದ್ರು, "ಬೂತಪ್ಪನ್ನ ಎಂತ ಮಾಡೋದು? ಅಲ್ಲಿ ಕೂಡಿ ಹಾಕೋಕೆ ಕೋಣೆ ಇಲ್ಲ." ರಂಗಪ್ಪನೋರು ಅಂದ್ರು, "ಬಸ್ಸು ಹತ್ತಿಸ್ಬೇಡಿ, ಅಷ್ಟೇ. ಊರಲ್ಲೇ ಇರ್ಲಿ. ಊರು ದಾಟಿದ್ರೆ ಅವನ ದೃಷ್ಟಿ ತಾಗೋದಿಲ್ಲ." ಒಳ್ಳೇ ಮನಸ್ಸಿಂದಲೇ ಅಂದ್ರು, ಬೈದು ಅಲ್ಲ. ಆಮೇಲೆ ಹೊರಗೆ ಬಂದು ನಂಗೊಂದು ಚಾ ಹೇಳಿದ್ರು. ಕುಡಿದೆ.

ಹೋಗ್ಲಿ ಬಿಡು ಆ ಪುರಾಣ. ಗ್ಲೌಸ್ ಕೊಡಿಲ್ಲಿ. ಹಾಫ್ ಟೈಮಲ್ಲಿ ಹೊಲಿದು ಕೊಡ್ತೀನಿ ಅಂತ ಕರ್ದೆ, ಹೊಲಿದು ಮುಗಿಸ್ತೀನಿ. ಸೂಜಿ ಇಲ್ಲೇ ಇದೆ. ಚೀಲ ಹೊಲಿಯೋ ಸೂಜಿ, ನೆಟ್ಟಿನ ದಾರ, ಗಟ್ಟಿ ಕೂರ್ತದೆ... ಕೊಡು ಮಾರಾಯ. ಎಂತ ನೋಡ್ತೀಯ ಅದನ್ನೇ? ಹರಿದದ್ದಲ್ವಾ, ಹರಿದದ್ದು ಹಾಗೇ ಇರ್ತದೆ. ನೆಟ್ಟಗಾ? ನೆಟ್ಟಗೆ ಹರಿದಿದ್ರೆ ಎಂತ ಈಗ! ಕಂಬದಲ್ಲಿ ಮೊಳೆ ಇದೆ, ಎಡಗಡೆ, ತುಕ್ಕು ಹಿಡಿದದ್ದು. ಅದಕ್ಕೆ ಸಿಕ್ಕಿರ್ತದೆ. ಅಥವಾ ಹೆಗ್ಗಣ. ಬೆಳಿಗ್ಗೆ ನೀನು ಬ್ಯಾಗು ಇಲ್ಲೇ ಇಟ್ಟು ತಿಂಡಿಗೆ ಹೋದ್ಯಲ್ಲ, ಆವಾಗ...

ಹೆಗ್ಗಣ ಕಚ್ಚಿದ್ರೆ ನೆಟ್ಟಗೆ ಕಚ್ಚೋದಿಲ್ಲ. ಹೌದು. ಅದೂ ಹೌದು.

ಏಯ್, ಶ್... ಸೀಟಿ. ಉದ್ದ ಸೀಟಿ. ಮುಗೀತಾ? ಒಂದಕ್ಕೊಂದಕ್ಕೇ ಮುಗೀತು. ಇನ್ನು ಪೆನಾಲ್ಟಿ! ದೇವರಾಜ ಹೇಳ್ತಿದ್ದಾನೆ ಕೇಳು, "ಐದೈದು ಪೆನಾಲ್ಟಿ, ಅದಕ್ಕೂ ಮೊದಲು ತಂಡಗಳಿಗೆ ಸ್ವಲ್ಪ ವಿರಾಮ." ಮತ್ತೆ ನಿನ್ನ ಹೆಸರು. "ಯೋಗೇಶ ಎಲ್ಲಿದ್ದರೂ ಬರಬೇಕು, ಈಗಲೂ ಇಳೀಬಹುದು ಅಂತ ರೆಫ್ರಿ ಒಪ್ಪಿದ್ದಾರೆ." ಕೇಳ್ತಾ? ಈಗಲೂ ಇಳೀಬಹುದಂತೆ. ಜನ ಎಲ್ಲ "ಯೋಗೇಶ, ಯೋಗೇಶ" ಅಂತಿದ್ದಾರೆ.

ಯೋಗೇಶ?

ಯಾಕೆ ಸುಮ್ನೆ ಕೂತೆ? ಇಷ್ಟು ಹೊತ್ತು ಬಾಗಿಲು ಒದ್ದೆ, ಗೋಡೆ ಗುದ್ದಿದೆ, ಗಂಟಲು ಹರ್ಕೊಂಡೆ. ಒದೀಬೇಕಾದ್ದು ಈಗಲ್ವಾ? ಏಳು. ಒದಿ. ನಾನೂ ಒಂದು ಕಾಲು ಕೊಡ್ತೀನಿ... ಕೂಗಾದ್ರೂ ಕೂಗು.

ಎಂತ ನೋಡ್ತೀಯ? ಮುಖದಲ್ಲಿ ಸುಣ್ಣ ಇದ್ಯಾ ನಂದು?

ಸೊಂಟದಲ್ಲಿರೋದಾ? ತಾಯತ ಅಂತ ಹೇಳಿದ್ನಲ್ಲ. ಒಂದು ಸಲ ಹೇಳಿದ್ರೆ ಸಾಕಾಗೋದಿಲ್ವಾ? ಹೊನ್ನಕ್ಕ ತಂದು... ಕಿಗ್ಗದಿಂದ...

ಏನಾದ್ರೂ ಮಾತಾಡು ಮಾರಾಯ. ಬೈ. ಈ ಕೋಣೇಲಿ ಯಾರ ಜೊತೆಗೂ ಮಾತಿಲ್ದೆ ಕೂತು ಕೂತು ನಂಗೆ ಅಭ್ಯಾಸ ಆಗಿದೆ ಅಂದ್ಕೊಂಡಿದ್ದೆ. ಇಲ್ಲ, ಆಗಿಲ್ಲ. ಒಬ್ಬನೇ ಕೂತು ಸುಮ್ಮನಿರೋದು ಬೇರೆ. ಎದುರಿಗೊಬ್ಬ ಕೂತು ಸುಮ್ಮನಿದ್ರೆ ತಡ್ಕೊಳ್ಳೋಕಾಗಲ್ಲ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀನು ಕಳ್ಳ ಅಂತ್ಲೂ ಅನ್ನಲಿಲ್ಲ. ನೋಡು, ನನ್ನ ಕೈ ತಾನಾಗೇ ಸೊಂಟಕ್ಕೆ ಹೋಗಿ ಕೂತಿದೆ.

ಹೌದು. ಬೀಗದ ಕೈ.

ರಂಗಪ್ಪನೋರು ಬರ್ಲಿಲ್ಲ. ರಂಗಪ್ಪನೋರು ಬೀಗ ಹಾಕೋದು ಬಿಟ್ಟು ಯಾವ ಕಾಲ ಆಯ್ತು! "ದಿನಾ ಯಾರು ಓಡಾಡ್ತಾರೆ ಬೂತಪ್ಪ, ಕೈ ನಿನ್ನ ಹತ್ರಾನೇ ಇರ್ಲಿ, ಒಳಗಿಂದ ನೀನೇ ಹಾಕ್ಕೋ. ನಿನ್ನ ಮೇಲೆ ನಂಗೆ ನಂಬಿಕೆ ಇದೆ" ಅಂದ್ರು. ಅಷ್ಟು ದಿನದಿಂದ ನನ್ನ ನಾನೇ ಕೂಡಿ ಹಾಕ್ಕೊಳ್ಳೋದು ಮಾರಾಯ. ಒಳಗೂ ಹೊರಗೂ ಒಂದೇ ಬೀಗ ಇದು, ಯಾವ ಕಡೆಯಿಂದ ಬೇಕಾದ್ರೂ ತಿರುಗ್ತದೆ. ಯಾವಾಗ ಬೇಕಾದ್ರೂ ತೆಗೆದು ಒಂದು ಸಲ ಇಣುಕಬಹುದಿತ್ತು. ಒಂದೇ ಒಂದು ಗೋಲು. ಇಣುಕಿಲ್ಲ. ದೇವರಾಣೆಗೂ ಇಣುಕಿಲ್ಲ. ಹೊರಗೆ ಚಂಡೆ ಎದ್ದಾಗ ಬೀಗದ ಕೈ ಮುಷ್ಟೀಲಿ ಹಿಡ್ಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿರ್ತಿದ್ದೆ.

ಗ್ಲೌಸ್ ಕೊಯ್ದದ್ದೂ ನಾನೇ. ಅಡಿಕೆ ಸುಲಿಯೋ ಕತ್ತಿ, ನೆಟ್ಟಗೇ ಹೋಯ್ತು.

ಗೆಲ್ಲೋದು ಬೇಡ ಅಂತ ಅನ್ನಿಸ್ತು. ಹೇಳಿದ್ರೆ ನಾಲಿಗೆ ಬಿದ್ದು ಹೋಗ್ಬೇಕು ಅಂಥಾ ಮಾತು. ಆದ್ರೆ ಅನ್ನಿಸ್ತು. ನೀವು ಬಸ್ಸು ಹತ್ತಿ ಹೋಗ್ತೀರಿ. ಈ ಮೈದಾನದಲ್ಲಿ ದನ ಮೇಯ್ತದೆ. ಒಳಗೆ ಕೂತು ಕೇಳೋಕೂ ನಂಗೆ ಏನೂ ಉಳಿಯೋದಿಲ್ಲ. ಕೂಡಿ ಹಾಕೋದಾದ್ರೂ ಹಾಕ್ತಿದ್ರಲ್ಲ, ನನ್ನಿಂದ ಒಂದು ಕೆಲಸ ಇತ್ತಲ್ಲ... ಈಗ ಅದೂ ಬೇಡ ಅಂದ್ರು. ಒಂದು ವರ್ಷ, ಇನ್ನೊಂದೇ ವರ್ಷ ಇಲ್ಲೇ ಇರ್ಲಿ ಅಂತ ಆಸೆ ಆಯ್ತು. ಆಮೇಲೆ ಗೋಲು ಬಿತ್ತು ನೋಡು, ನಮ್ಮದು, ಎಲ್ಲ ಮರ್ತು ಕುಣಿದೆ. ನೀನೇ ಕಂಡ್ಯಲ್ಲ! ಅದು ಸುಳ್ಳು ಕುಣಿತ ಅಲ್ಲ ಯೋಗೇಶ. ಆ ಒಂದನ್ನಾದ್ರೂ ನಂಬು.

ನಂಬ್ತೀಯಾ?

ಹುಂ ಅನ್ನು. ಊಹೂಂ ಆದ್ರೂ ಅನ್ನು.

ಆಯ್ತು. ತಗೋ. ಇರು, ಗಂಟು... ಬೆವರಿಗೆ ಬಿಗಿದು ಹೋಗಿದೆ ಹಾಳಾದ್ದು... ಬೇಡ, ಹರೀತೀನಿ, ಉಡಿದಾರ ಹರಿದ್ರೆ ಹರೀಲಿ. ಹಿಡಿ. ಬಾಗಿಲು ತೆಗೆದು ಓಡು! ಕೊಯ್ದ ಗ್ಲೌಸ್ ಬೇಡ, ಬರೀ ಕೈಯಲ್ಲಿ ನಿಲ್ಲು. ಚಕ್ಕೋತ ಬರೀ ಕೈಯಲ್ಲೇ ಹಿಡಿದೋನು ನೀನು. ಅವರ ಏಳನೇ ನಂಬರಿನೋನು ಬಲಗಡೆಗೇ ಹೊಡೀತಾನೆ, ಮೈಕಲ್ಲಿ ಕೇಳಿ ಕೇಳಿ ಗೊತ್ತು ನಂಗೆ...

ಅಬ್ಬಾ, ಎಂತಾ ಬೆಳಕು ಮಾರಾಯ! ಎಷ್ಟು ಜನ! ಆ ಗೆರೆ ನೋಡು, ನಾನು ಹಾಕಿದ್ದು, ಇನ್ನೂ ಅಳಿಸಿಲ್ಲ. ಆ ಚುಕ್ಕೆ... ಯೋಗೇಶ, ನಾನೂ ಬರ್ತೀನಿ. ನಿನ್ನ ಹಿಂದೆಯೇ, ಗೋಲಿನ ಹಿಂದೆ, ನೆಲದ ಮೇಲೆ ಕೂತ್ಕೊಳ್ತೀನಿ, ಉಸಿರು ಸಹ ಬಿಡೋದಿಲ್ಲ. ಬೆಳಿಗ್ಗೆ ನೀನೇ ಕರೆದದ್ದಲ್ವಾ? ಇರು, ಚಪ್ಪಲಿ ಹಾಕ್ಕೊಳ್ತೀನಿ. ಬಾಗಿಲು ಎಳೀಬೇಡ, ನಾನಿನ್ನೂ...

ಯೋಗೇಶ?

ಟಕ್ ಅಂತು.

ಯೋಗೇಶ, ಹೊರಗಿಂದ ಹಾಕಿದ್ಯಾ? ಸಿಟ್ಟಿಗೆ ಹಾಕಿದ್ದಾ? ಸಿಟ್ಟಿಗಾದ್ರೆ ಸರಿ, ಹಾಕು, ಎರಡು ಬೀಗ ಹಾಕು, ನಾನು ಅದಕ್ಕೆ ಲಾಯಕ್ಕು. ಆದ್ರೆ ಸಿಟ್ಟಿಗೇ ಹಾಕಿದ್ದು ಅಂತ ಒಂದು ಮಾತು ಹೇಳಿ ಹೋಗು. ಇಲ್ಲೇ ನಿಂತಿದ್ದೀಯ, ಸಂದಿಯಲ್ಲಿ ನಿನ್ನ ಕಾಲು ಕಾಣ್ತದೆ.

ಬೂತಪ್ಪ ನೋಡಿದ್ರೆ ಸೋಲ್ತೀವಿ ಅಂತ ಹಾಕಿದ್ದಲ್ಲ ತಾನೇ? ಕಾಗೆ, ಕೊಂಬೆ ಅಂತ ನಗ್ತಿದ್ದೋನು ನೀನು. ಊರಲ್ಲಿ ನೀನೊಬ್ಬನೇ...

ಮಾತಾಡು ಮಾರಾಯ.

ನೀನೂನಾ?